ಗೇಣೆತ್ತರದ ಹೊಸ್ತಿಲು

ನಮ್ಮ ಮನೆಯ ಬಾಗಿಲಿಗೆ ಬಂದಾಗ ಈಗಲೂ ನನ್ನ ಬಲಗಾಲು ತಾನಾಗಿಯೇ ಒಂದು ಗೇಣು ಮೇಲೇಳುತ್ತದೆ. ಅಲ್ಲಿ ದಾಟುವಂಥದ್ದು ಏನೂ ಇಲ್ಲ. ಒಳಗೂ ಹೊರಗೂ ನೆಲ ಒಂದೇ ಸಮ ಇದೆ. ಆದರೂ ಕಾಲು ಏಳುತ್ತದೆ, ಅರೆಗಳಿಗೆ ಗಾಳಿಯಲ್ಲಿ ನಿಲ್ಲುತ್ತದೆ, ಆಮೇಲೆ ನಾಚಿಕೊಂಡು ಕೆಳಗಿಳಿಯುತ್ತದೆ. ಮೊನ್ನೆ ತರಕಾರಿ ಮಾರುವ ಹೆಣ್ಣುಮಗಳು ಇದನ್ನು ನೋಡಿ, "ಅಕ್ಕೋರ, ಕಾಲಿಗೆ ಏನರ ಚುಚ್ಚೇತೇನ್ರಿ?" ಎಂದು ಕೇಳಿದಳು. "ಚುಚ್ಚಿಲ್ಲವ್ವ, ಮೂವತ್ತು ವರ್ಷದ ರೂಢಿ" ಅಂದೆ. ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು, ಬದನೆಕಾಯಿ ತೂಗಿಕೊಟ್ಟು ಹೋದಳು. ಅವಳಿಗೆ ಹೇಳುವಷ್ಟು ಪುರುಸೊತ್ತು ಇರಲಿಲ್ಲ. ನಿಮಗೆ ಹೇಳುತ್ತೇನೆ.

ನಾನು ಮದುವೆಯಾಗಿ ರಾಣೆಬೆನ್ನೂರಿನ ಈ ಓಣಿಗೆ ಬಂದಾಗ ನಮ್ಮ ಮನೆಗೆ ಎರಡು ಕದಗಳ ದೊಡ್ಡ ಬಾಗಿಲಿತ್ತು. ಮಾವನವರು ಕಟ್ಟಿಸಿದ್ದು. ಎರಡರಲ್ಲಿ ಒಂದು ಕದ ಮಾತ್ರ ದಿನಾಲು ತೆರೆಯುತ್ತಿತ್ತು. ಇನ್ನೊಂದು ತೆರೆಯುವುದು ಯಾರದಾದರೂ ಮದುವೆಗೆ, ಇಲ್ಲವೇ ನಮ್ಮ ಬೀಜದ ಅಂಗಡಿಯ ಚೀಲ ಒಳಗೆ ಹಾಕುವಾಗ. ಆ ಮುಚ್ಚಿದ ಕದದ ಹಿಂದೆ ಛತ್ರಿ, ಕಸಬರಿಗೆ, ಒಂಟಿ ಚಪ್ಪಲಿ, ಹಳೆಯ ಕ್ಯಾಲೆಂಡರಿನ ಸುರುಳಿಗಳ ಒಂದು ಸಂಸಾರವೇ ಇತ್ತು. ಕೆಳಗೆ ಗೇಣೆತ್ತರದ ಹೊಸ್ತಿಲು. ಅರಿಸಿನ, ಎಣ್ಣೆ ಕುಡಿದು ಕುಡಿದು ಅದು ಕಟ್ಟಿಗೆಯೋ ಕಬ್ಬಿಣವೋ ತಿಳಿಯದ ಹಾಗೆ ಆಗಿತ್ತು. ಆ ಹೊಸ್ತಿಲಿನ ಒಡತಿ ನಮ್ಮ ಅತ್ತೆ ಶಾಂತವ್ವ.

ಮದುವೆಯಾದ ಎರಡನೆಯ ವರ್ಷ ನನಗೆ ಹಲಗೇರಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅತ್ತೆ ಬೇಡ ಅನ್ನಲಿಲ್ಲ. ಬಾಯಿಬಿಟ್ಟು ಬೇಡ ಅನ್ನುವವರೇ ಅಲ್ಲ ಅವರು. ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ನನ್ನ ಬಸ್ಸು. ಸರಿಯಾಗಿ ಎಂಟಕ್ಕೆ ಅವರು ಹೊಸ್ತಿಲ ಪೂಜೆಗೆ ಕೂರುತ್ತಿದ್ದರು. ತೊಳೆಯುವುದು, ಒರೆಸುವುದು, ಅರಿಸಿನ ಹಚ್ಚುವುದು, ಎರಡೂ ತುದಿಗೆ ಎಳೆ ರಂಗೋಲಿ, ಕುಂಕುಮ, ಹೂವು. ನಾನು ಹೆಗಲಿಗೆ ಚೀಲ, ಕೈಯಲ್ಲಿ ಬುತ್ತಿ ಹಿಡಿದು ಒಳಗೆ ನಿಂತಿರುತ್ತಿದ್ದೆ.

"ಅತ್ತಿ, ಬಸ್ಸು ಬರತೈತ್ರಿ."

"ತಡಿ, ಅರಿಸಿಣಾ ಹಸಿ ಐತಿ. ಹಸೀ ಹೊಸ್ತಿಲಾ ದಾಟಬಾರದು."

ಓಣಿಯ ತುದಿಯಲ್ಲಿ ಬಸ್ಸಿನ ಹಾರ್ನು ಕೇಳುತ್ತಿತ್ತು. ಅರಿಸಿನ ತನ್ನ ಪಾಡಿಗೆ ಆರುತ್ತಿತ್ತು. ಮೊದಲ ವಾರವೇ ಮೂರು ಸಲ ಬಸ್ಸು ತಪ್ಪಿತು. ನಮ್ಮ ಹೆಡ್ ಮಾಸ್ತರರು ಒಳ್ಳೆಯವರು. "ಅಕ್ಕೋರ, ನಿಮ್ಮ ಓಣ್ಯಾಗಿನ ಗಡಿಯಾರ ಸ್ವಲ್ಪ ಸಾವಕಾಶ ನಡೀತಾವೇನ್ರಿ?" ಎಂದು ಎಲ್ಲರ ಮುಂದೆ ನಗುನಗುತ್ತ ಕೇಳಿದರು. ಆ ನಗುವಿಗಿಂತ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮರುದಿನ ನಾನು ಐದಕ್ಕೇ ಎದ್ದು ಮೈತೊಳೆದು, ಅತ್ತೆ ಏಳುವಷ್ಟರಲ್ಲಿ ಹೊಸ್ತಿಲ ಪೂಜೆ ಮುಗಿಸಿಬಿಟ್ಟೆ. ಅವರು ಬಂದು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು. "ಎಳಿ ಡೊಂಕಾಗ್ಯಾವು" ಅಂದರು. ಒಳಗೆ ಹೋದರು. ಅಂದಿನಿಂದ ಪೂಜೆ ಆರರೊಳಗೆ ಮುಗಿಯತೊಡಗಿತು. ಕೆಲವು ದಿನ ನಾನು, ಕೆಲವು ದಿನ ಅವರು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಗೆದ್ದೆ ಎಂದು ನಾನು ಅಂದುಕೊಂಡಿದ್ದೆ. ವಯಸ್ಸು ಇಪ್ಪತ್ತೈದು, ಅಂದುಕೊಳ್ಳುವ ವಯಸ್ಸು.

ಇನ್ನೊಂದು ಮಾತು ಹೇಳಬೇಕು. ನನ್ನನ್ನು ತಡೆದ ಆ ಹೊಸ್ತಿಲು ಅತ್ತೆಯನ್ನು ಎಂದೂ ತಡೆದಿರಲಿಲ್ಲ. ಅಡುಗೆ ಮುಗಿದರೆ ಅವರು ಓಣಿಯಲ್ಲೇ. ಯಾರ ಮನೆಯಲ್ಲಿ ಶ್ಯಾವಿಗೆ ಹೊಸೆಯುತ್ತಾರೆ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರ ಎಮ್ಮೆ ಹಾಲು ಬತ್ತಿಸಿದೆ, ಎಲ್ಲ ಅವರಿಗೆ ಗೊತ್ತು. ಅವರು ದಾಟುವಾಗ ಹೊಸ್ತಿಲು ಕೆಳಗಿಳಿಯುತ್ತದೆಯೇನೋ ಎಂಬಷ್ಟು ಸಲೀಸಾಗಿ ದಾಟುತ್ತಿದ್ದರು.

ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಅದೇ ಹೊಸ್ತಿಲಿಗೆ ಬಾಗಿ ಅರಿಸಿನ ಹಚ್ಚುವಾಗ ಜಾರಿದರು. ತೊಡೆಯ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು, ಒಳಗೆ ರಾಡು ಹಾಕಿದರು, ಮೂರು ತಿಂಗಳ ಮೇಲೆ ನಾಲ್ಕು ಕಾಲಿನ ವಾಕರ್ ಹಿಡಿದು ಎದ್ದು ನಿಂತರು. ಒಳಗಿನ ಸಮ ನೆಲದ ಮೇಲೆ ಟಕ್ ಟಕ್ ಎಂದು ಚೆನ್ನಾಗಿಯೇ ನಡೆಯುತ್ತಿದ್ದರು. ಬಾಗಿಲಿಗೆ ಬಂದರೆ ಕಥೆ ಮುಗಿಯುತ್ತಿತ್ತು. ತೆರೆದ ಒಂದೇ ಕದದ ಸಂದಿಯಲ್ಲಿ ವಾಕರ್ ಹಿಡಿಸದು. ಇನ್ನೊಂದು ಕದದ ಚಿಲಕ ತಲೆಯ ಮೇಲೆ. ಮತ್ತೆ ಆ ಗೇಣೆತ್ತರ. ಸಂಜೆ ಹೊತ್ತು ನಾನೊಂದು ಕಡೆ, ನಮ್ಮವರೊಂದು ಕಡೆ ರಟ್ಟೆ ಹಿಡಿದು, ತುಂಬಿದ ಹೊಳೆ ದಾಟಿಸುವ ಹಾಗೆ ಅವರನ್ನು ಹೊರಗಿನ ಕಟ್ಟೆಗೆ ದಾಟಿಸುತ್ತಿದ್ದೆವು. ನಾಲ್ಕು ದಿನ ದಾಟಿದರು. ಐದನೆಯ ದಿನ, "ಬ್ಯಾಡ ಬಿಡ್ರಿ, ನಿಮಗೂ ಕೆಲಸ ಇರತಾವು. ನಾ ಟಿವಿ ನೋಡ್ತೇನಿ" ಅಂದರು. ನಾವು ಹೌದೌದು ಅಂದೆವು. ಬೇಗನೆ ಅಂದೆವು ಅಂತ ಈಗ ಅನ್ನಿಸುತ್ತದೆ.

ಬೆಳಿಗ್ಗೆ ನಾನು ಶಾಲೆಗೆ ಹೋಗುತ್ತೇನೆ, ನಮ್ಮವರು ಬೀಜದ ಅಂಗಡಿಗೆ. ಮಧ್ಯಾಹ್ನ ಅವರು ಊಟಕ್ಕೆ ಬರುವತನಕ ಅತ್ತೆ ಒಬ್ಬರೇ. ಒಳಗಿನ ಚಿಲಕ ಅವರ ಕೈಗೆ ಎಟುಕದು. ಬಾಗಿಲು ತೆರೆದಿಟ್ಟರೆ ನಾಯಿ ನುಗ್ಗುತ್ತದೆ, ಯಾರು ಯಾರೋ ಬರುತ್ತಾರೆ. ಹೀಗಾಗಿ ನಾನು ಹೊರಗಿನಿಂದ ಕೊಂಡಿ ಹಾಕಿ ಹೋಗುತ್ತಿದ್ದೆ. ಕೀಲಿ ಹಾಕುತ್ತಿರಲಿಲ್ಲ, ಹನ್ನೊಂದಕ್ಕೊಮ್ಮೆ ಮೂರನೆಯ ಮನೆಯ ಕಾಶವ್ವ ತೆಗೆದು ಇಣುಕಿ ಹೋಗುತ್ತಿದ್ದಳು. ಕೊಂಡಿಯನ್ನು ಸಪ್ಪಳವಾಗದ ಹಾಗೆ ಮೆಲ್ಲಗೆ ಹಾಕುತ್ತಿದ್ದೆ. ಎಲ್ಲ ಅವರ ಒಳ್ಳೆಯದಕ್ಕೇ ಎಂದು ಬಸ್ಸಿನಲ್ಲಿ ಕುಳಿತು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಳ್ಳೆಯದಕ್ಕಾದರೆ ಅಷ್ಟು ಸಲ ಹೇಳಿಕೊಳ್ಳುವ ಕಾರಣವಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಬಾಗಿಲು ಬಿಗಿದು ತೆರೆಯದಾಯಿತು. ಬಡಿಗೇರ ಮೌನಪ್ಪ ಬಂದು ಚೌಕಟ್ಟಿನ ಬುಡಕ್ಕೆ ಉಳಿ ಊರಿದ. ಅವಲಕ್ಕಿ ಚೀಲಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು.

"ಒರಲಿ ಹತ್ತಿ ಬಾಳ ದಿವಸಾತ್ರಿ ಅಕ್ಕೋರ. ಬಣ್ಣದ ಮ್ಯಾಲ ನಿಂತೈತಿ ಇದು. ಚೌಕಟ್ಟು, ಕದಾ ಎಲ್ಲಾ ಹೊಸಾದ ಮಾಡಿಸ್ರಿ."

ಅಲ್ಲಿಂದ ನಮ್ಮ ಮನೆಯಲ್ಲಿ ಬಾಗಿಲಿನ ಮಾತು ಶುರುವಾಯಿತು. ಒಂದು ಬಾಗಿಲಿನ ಬಗ್ಗೆ ಮನುಷ್ಯರಿಗೆ ಇಷ್ಟು ಅಭಿಪ್ರಾಯ ಇರಬಲ್ಲವೆಂದು ನನಗೆ ಗೊತ್ತಿರಲಿಲ್ಲ. ನಮ್ಮವರಿಗೆ ಉಕ್ಕಿನ ಬಾಗಿಲು ಬೇಕು. ಏಳು ಕಡೆ ಲಾಕ್ ಬೀಳುವಂಥದ್ದು. "ಕಳ್ಳ ಬಂದ ಅಂದ್ರ ಏನ ಮಾಡ್ತಿ?" ಅಂದರು. ನಮ್ಮ ಮನೆಗೆ ಕಳ್ಳ ಬಂದರೆ ಸಿಗುವುದು ಒಂಬತ್ತನೇ ತರಗತಿಯ ಉತ್ತರಪತ್ರಿಕೆ ಮತ್ತು ಬೀಜದ ಕಂಪನಿಗಳು ಕೊಟ್ಟ ಗೋಡೆ ಗಡಿಯಾರ. ಪಾಪ, ಅವನೇ ಏನಾದರೂ ಇಟ್ಟು ಹೋಗಬೇಕು. ನನಗೋ, ನೀಲಿ ಬಣ್ಣದ, ಮೇಲೊಂದು ಗಾಜಿನ ಚೌಕವಿರುವ ಬಾಗಿಲು ಬೇಕಿತ್ತು. ಬೆಳಕು ಬರುತ್ತದೆ ಎಂದು ಬಾಯಲ್ಲಿ ಹೇಳುತ್ತಿದ್ದೆ. ಖರೇ ಹೇಳಬೇಕೆಂದರೆ, ಟಿವಿಯಲ್ಲಿ ಅಂಥದೊಂದನ್ನು ನೋಡಿದ್ದೆ.

ಬ್ಯಾಡಗಿಯಲ್ಲಿ ನಮ್ಮವರ ಅಕ್ಕ ಗಿರಿಜಕ್ಕ ಇದ್ದಾರೆ. ಮೆಣಸಿನಕಾಯಿ ವ್ಯಾಪಾರದ ಮನೆ, ಈಚೆಗೆ ಹೊಸದು ಕಟ್ಟಿಸಿದ್ದಾರೆ. "ಬಂದು ನಮ್ಮ ಬಾಗಲಾ ನೋಡ್ರಿ, ಆಮ್ಯಾಲ ಮಾತಾಡ್ರಿ" ಎಂದು ಕರೆದರು. ಹೋಗಿ ನೋಡಿದೆವು. ಸಾಗವಾನಿ ಕಟ್ಟಿಗೆಯಲ್ಲಿ ಗಜಲಕ್ಷ್ಮಿ, ಎರಡು ಆನೆ, ನಾಲ್ಕು ನವಿಲು, ಬಳ್ಳಿ, ಗೊಂಚಲು. ಕೆಳಗೆ ನಮ್ಮದಕ್ಕಿಂತ ಎರಡು ಬೆರಳು ಎತ್ತರದ ಹೊಸ್ತಿಲು. ಬ್ಯಾಡಗಿಯ ಗಾಳಿ ಹೇಗೆಂದು ಹೋದವರಿಗೆ ಗೊತ್ತು. ಸುಗ್ಗಿಯಲ್ಲಿ ಕಾಯಿಯ ಕೆಂಪು ದೂಳೆಲ್ಲ ಆ ನವಿಲುಗರಿಗಳ ಸಂದಿಯಲ್ಲಿ ಹೋಗಿ ಕೂರುತ್ತದೆ. ಗಿರಿಜಕ್ಕ ವಾರಕ್ಕೊಮ್ಮೆ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಗರಿ ತಿಕ್ಕುತ್ತಾರೆ, ತಿಕ್ಕುತ್ತ ಸೀನುತ್ತಾರೆ. ನಾವು ನೋಡುತ್ತ ಸೀನಿದೆವು. ಆನೆಗಳು ಹೇಗೆ ತಡೆದುಕೊಂಡಿದ್ದವೋ.

"ಇಂಥಾದ್ದ ಮಾಡಿಸ್ರಿ," ಅಂದರು ಗಿರಿಜಕ್ಕ. "ನಮ್ಮ ಅಪ್ಪನ ಮನಿ ಬಾಗಲಾ ಕಳಾ ಇರಬೇಕು."

ಮುಂದಿನ ಭಾನುವಾರ ನಾನು ಒಬ್ಬಳೇ ಹಾವೇರಿಗೆ ಹೋದೆ. ಅಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ತಯಾರು ಬಾಗಿಲುಗಳು ಸಿಗುತ್ತವೆ ಎಂದು ನಮ್ಮ ಶಾಲೆಯಲ್ಲಿ ಯಾರೋ ಹೇಳಿದ್ದರು. ಹಾಲ್ ತುಂಬ ಬಾಗಿಲುಗಳು ಸಾಲಾಗಿ ನಿಂತಿದ್ದವು. ಗೋಡೆಯಿಲ್ಲ, ಮನೆಯಿಲ್ಲ, ಬರೀ ಬಾಗಿಲು. ಒಂದನ್ನು ತೆರೆದರೆ ಅದರ ಹಿಂದೆ ಇನ್ನೊಂದು ಬಾಗಿಲು. ಅಂಗಡಿಯವರು ನನ್ನ ವಯಸ್ಸಿನವರೇ, ಸಾವಕಾಶದ ಮನುಷ್ಯ. ನಾನು ಕಟ್ಟಿಗೆ ಕೇಳಿದೆ, ಫೈಬರ್ ಕೇಳಿದೆ, ನೀಲಿ ಬಣ್ಣ, ಗಾಜು, ಉಕ್ಕು ಎಲ್ಲ ಕೇಳಿದೆ. ಎಲ್ಲದಕ್ಕೂ ಉತ್ತರ ಹೇಳಿ, ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದರು.

"ನಿಮ್ಮ ಮನ್ಯಾಗ ದಿನಾಲು ಹೆಚ್ಚ ಹೊತ್ತ ಇರೋರು ಯಾರ್ರಿ?"

"ನಮ್ಮ ಅತ್ತಿಯವರ್ರಿ."

"ಹಂಗಂದ್ರ ಬಾಗಲಾ ತಗಿಯೋರೂ ಅವರ ಅಲ್ರಿ? ಅವರ ಕೈಗೆ ಹೆಂಗ ಬೇಕೋ ಹಂಗ ನೋಡ್ರಿ. ಅವರನ್ನ ಕರಕೊಂಡ ಬರಬೇಕಿತ್ತು ನೀವು."

ಅವರು ಸುಮ್ಮನೆ, ವ್ಯಾಪಾರದ ಮಾತಾಗಿ ಕೇಳಿದ್ದು. ನಮ್ಮ ಮನೆಯಲ್ಲಿ ಇಡೀ ದಿನ ಇರುವವರು ಬಾಗಿಲು ತೆಗೆಯುವುದಿಲ್ಲ, ತೆಗೆಯದ ಹಾಗೆ ನಾನೇ ಕೊಂಡಿ ಹಾಕಿ ಬರುತ್ತೇನೆ ಎಂದು ಒಬ್ಬ ಅಪರಿಚಿತನಿಗೆ ಹೇಗೆ ಹೇಳುವುದು? "ಇನ್ನೊಮ್ಮೆ ಬರ್ತೇನ್ರಿ" ಎಂದು ಹೊರಬಿದ್ದೆ. ರಾಣೆಬೆನ್ನೂರಿಗೆ ಬರುವತನಕ ಬಸ್ಸಿನ ಕಿಟಕಿಯಲ್ಲಿ ಹೊಲ ಕಾಣುತ್ತಿದ್ದವು, ಏನು ಬೆಳೆ ಎಂದು ಕೇಳಿದರೆ ಹೇಳಲಾರೆ. ಒಂದು ಲೆಕ್ಕ ಮಾತ್ರ ಮನಸ್ಸಿನಲ್ಲಿ ನಡೆದಿತ್ತು. ಒಂದು ಕಾಲಕ್ಕೆ ಅತ್ತೆ ನನ್ನನ್ನು ಹೊಸ್ತಿಲ ಒಳಗೆ ನಿಲ್ಲಿಸಿದ್ದು ದಿನಕ್ಕೆ ಇಪ್ಪತ್ತು ನಿಮಿಷ. ನಾನು ಅವರನ್ನು ನಿಲ್ಲಿಸಿದ್ದು? ಆ ಗೇಣೆತ್ತರ ನನಗೆ ಅನುಕೂಲವಾಗಿತ್ತು. ಅವರು ಒಳಗಿದ್ದರೆ ನನಗೆ ಶಾಲೆಯಲ್ಲಿ ನಿಶ್ಚಿಂತೆ. ಮನಸ್ಸಿನ ಯಾವುದೋ ಮೂಲೆಯಲ್ಲಿ, ಆ ತಪ್ಪಿದ ಬಸ್ಸುಗಳ ಸಿಟ್ಟೂ ಸ್ವಲ್ಪ ಉಳಿದಿತ್ತೋ ಏನೋ. ಇಲ್ಲ ಎಂದು ಆಣೆ ಮಾಡಲಾರೆ.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಎದುರಿಗೆ ಕುಳಿತು ಕೇಳಿದೆ: "ಅತ್ತಿ, ನಿಮಗ ಎಂಥಾ ಬಾಗಲಾ ಬೇಕ್ರಿ?"

ಅವರು ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಈ ಮನಿಗೆ ಬಂದು ಅರವತ್ತು ವರ್ಷಾತು. ಇಂಥಾ ಮಾತು ಯಾರೂ ಕೇಳಿದ್ದಿಲ್ಲ ನೋಡು" ಅಂದರು. ಇನ್ನೊಂದು ಕಾಯಿ ಸುಲಿದು, "ನನಗ ತಗಿಯಾಕ ಬರೂವಂಥಾದ್ದು ಬೇಕು. ತಗದು ಒಬ್ಬಾಕೀನ ಹೊರಗ ಹೋಗಾಕ ಬರಬೇಕು. ಅಷ್ಟ" ಅಂದರು.

ಮರುದಿನವೇ ಮೌನಪ್ಪನನ್ನು ಕರೆಸಿದೆ. ಅವನು ವಾಕರ್ ಅಳತೆ ಮಾಡಿದ, ಅತ್ತೆಯ ಸೊಂಟದ ಎತ್ತರ ನೋಡಿದ, ಅವರ ಗಂಟು ಬಿದ್ದ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿದ, ವೈದ್ಯನ ಹಾಗೆ. ಬೇವಿನ ಚೌಕಟ್ಟು, ಒಂದೇ ಅಗಲವಾದ ಕದ, ತಿರುಗಿಸುವ ಗುಂಡಿಯ ಬದಲು ಕೆಳಗೆ ಒತ್ತಿದರೆ ತೆರೆಯುವ ಉದ್ದನೆಯ ಹಿಡಿಕೆ, ಕುಳಿತವರ ಕಣ್ಣಿನ ಎತ್ತರಕ್ಕೆ ಬಂದವರನ್ನು ನೋಡಲು ಒಂದು ಜಾಲರಿ. ಕಟ್ಟೆಯಿಂದ ಓಣಿಗಿಳಿಯುವ ಎರಡು ಮೆಟ್ಟಿಲಿನ ಪಕ್ಕ ಗೌಂಡಿಯಿಂದ ಇಳಿಜಾರು, ಹಿಡಿದುಕೊಳ್ಳಲು ಪೈಪು. ನಮ್ಮವರಿಗೆ ಸಮಾಧಾನವಾಗಲೆಂದು ಒಂದು ಭಾರೀ ಕೀಲಿ. ಇನ್ನು ಹೊಸ್ತಿಲು.

"ಹೊಸ್ತಿಲಾ ಇಲ್ದ ನಾ ಬಾಗಲಾ ಮಾಡಂಗಿಲ್ರಿ," ಅಂದ ಮೌನಪ್ಪ. "ಆದ್ರ ಅದು ನಿಂತಿರಬೇಕು ಅಂತೇನಿಲ್ಲ. ನೆಲದಾಗ ಮಲಗಸ್ತೇನಿ. ಫರಸಿ ಸಮ ಬರತೈತಿ. ಚೌಕಟ್ಟಿಗೆ ನಾಕೂ ಕಟ್ಟಿಗಿ ಆದವು."

ಸುದ್ದಿ ಬ್ಯಾಡಗಿಗೆ ಹೇಗೆ ಮುಟ್ಟಿತೋ, ಸಂಜೆಯೇ ಗಿರಿಜಕ್ಕನ ಫೋನು. "ಸುಜಾತಾ, ನೆಲದಾಗ ಹುಗದ್ರ ಅದಕ ಹೊಸ್ತಿಲಾ ಅಂತಾರೇನು? ಅದೇನು ಮನೀನೋ ಬಸ್‌ಸ್ಟ್ಯಾಂಡೋ? ಅವ್ವನ್ನ ಕೇಳಿರೇನು ನೀವು?" ಅಷ್ಟರಲ್ಲಿ ಅತ್ತೆ ಕೈಚಾಚಿ ಫೋನು ಇಸಿದುಕೊಂಡರು.

"ಗಿರಿಜಾ, ಆ ಹೊಸ್ತಿಲಾ ಅರವತ್ತು ವರ್ಷ ತಿಕ್ಕಿದಾಕಿ ನಾನು. ಅದನ್ನ ತಗೀರಿ ಅನ್ನೋದೂ ನಾನ. ನಿನ್ನ ಮನ್ಯಾಗ ನೀ ಆನಿ ತಿಕ್ಕು."

ಹಳೆಯ ಚೌಕಟ್ಟು ಕೀಳುವ ದಿನ ನಾನು ರಜೆ ಹಾಕಿದ್ದೆ. ಅತ್ತೆ ಒಳಗೆ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಮೌನಪ್ಪ ಹಾರೆ ಹಾಕಿ ಮೀಟಿದ. ಹೊಸ್ತಿಲು ಒಂದೇ ತುಂಡಾಗಿ ಎದ್ದು ಬಂತು. ಹೊರಗೆ ಒಯ್ಯುತ್ತಿದ್ದವನನ್ನು ಅತ್ತೆ ತಡೆದರು. "ಇಲ್ಲಿ ತಗೊಂಡ ಬಾ. ನನ್ನ ಮುಂದ ಇಡು."

ಎರಡು ಸ್ಟೂಲಿನ ಮೇಲೆ ಅದನ್ನು ಅಡ್ಡ ಇಟ್ಟ. ಈಗ ಅದು ಅವರ ಎದೆಯ ಮಟ್ಟಕ್ಕಿತ್ತು, ಬಾಗುವ ಕೆಲಸವಿರಲಿಲ್ಲ. ನಾನು ನೀರು, ಅರಿಸಿನ, ಕುಂಕುಮ ತಂದುಕೊಟ್ಟೆ. ಅವರು ಒದ್ದೆ ಬಟ್ಟೆಯಿಂದ ಒರೆಸಿದರು. ಮೇಲ್ಮೈ ಹೊಳೆಯಿತು. ಕೈ ಕೆಳಗೆ ಹೋದಾಗ ಬೆರಳು ಒಳಗೇ ಇಳಿಯಿತು, ಮಣ್ಣು ಉದುರಿತು. ಒರಲೆ ಕೆಳಗಿನಿಂದ ಅರ್ಧ ತಿಂದಿತ್ತು. ಅವರು ಕೈ ಕೊಡವಿಕೊಂಡು, ಮತ್ತೆ ಮೇಲೆ ಅರಿಸಿನ ಹಚ್ಚಿದರು, ಎಂದಿನ ಹಾಗೆ ಎಡದಿಂದ ಬಲಕ್ಕೆ. ಹಚ್ಚುತ್ತಲೇ, ನನ್ನ ಕಡೆ ನೋಡದೆ ಹೇಳಿದರು:

"ಎಂಟು ಇಪ್ಪತ್ತಕ್ಕ ನಿನ್ನ ಬಸ್ಸು. ನನಗ ಗೊತ್ತಿತ್ತು."

ಮೌನಪ್ಪ ಹೊರಗೆ ಗರಗಸ ಎಳೆಯುತ್ತಿದ್ದ. ನಾನು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ. ಮೂವತ್ತು ವರ್ಷ ಆ ಮಾತಿಗಾಗಿ ಕಾದಿದ್ದೆ, ಅದು ಬಂದಾಗ ಗೆದ್ದ ಹಾಗೆ ಏನೂ ಅನ್ನಿಸಲಿಲ್ಲ.

"ಅತ್ತಿ, ನಾನೂ ದಿನಾ ಕೊಂಡಿ ಹಾಕ್ಕೊಂಡ ಹೋಗ್ತಿದ್ದೆ" ಅಂದೆ.

"ಅದೂ ಗೊತ್ತೈತಿ. ಸಪ್ಪಳಾಗಬಾರದಂತ ಮೆತ್ತಗ ಹಾಕ್ತಿದ್ದಿ." ಬಟ್ಟಲಿಗೆ ಕೈಚಾಚಿದರು. "ಕುಂಕುಮಾ ಕೊಡು."

ಹೊಸ ಬಾಗಿಲು ಕೂತಿತು. ಮೊದಲ ಎರಡು ವಾರ ಅತ್ತೆ ಹಿಡಿಕೆ ಒತ್ತುವುದು, ತೆರೆಯುವುದು, ಮುಚ್ಚುವುದು, ಇಷ್ಟೇ ಮಾಡುತ್ತಿದ್ದರು. ಆಮೇಲೆ ನಮ್ಮವರು ಜೊತೆಗಿದ್ದಾಗ ಇಳಿಜಾರಿನ ಅರ್ಧದವರೆಗೆ. ಆಮೇಲೆ ಪೂರ್ತಿ. ನಾನು ಶಾಲೆಗೆ ಹೋಗುವಾಗ ಕೊಂಡಿ ಹಾಕದೆ ಬಾಗಿಲು ಸುಮ್ಮನೆ ಎಳೆದುಕೊಂಡು ಹೋಗತೊಡಗಿದೆ. ಬಸ್ಸಿನಲ್ಲಿ ನನ್ನ ನಿಶ್ಚಿಂತೆ ಹೋಯಿತು. ಪಾಠದ ನಡುವೆ ಫೋನು ನೋಡುತ್ತಿದ್ದೆ. ಅವರು ಮತ್ತೆ ಬಿದ್ದರೆ ಏನು ಎಂಬ ಭಯಕ್ಕೆ ಯಾವ ಬಾಗಿಲಲ್ಲೂ ಉತ್ತರವಿಲ್ಲ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದರೆ ಮನೆಯಲ್ಲಿ ಯಾರೂ ಇಲ್ಲ. ಕರೆದೆ. ಮಂಚ ಖಾಲಿ, ಟಿವಿ ಬಂದ್. ಬಚ್ಚಲು ನೋಡಿದೆ, ಹಿತ್ತಲು ನೋಡಿದೆ. ವಾಕರ್ ಕೂಡ ಇಲ್ಲ. ಚಪ್ಪಲಿ ಮೆಟ್ಟುವುದನ್ನೂ ಮರೆತು ಓಣಿಗೆ ಓಡಿದೆ. ಮೂರನೆಯ ಮನೆ ದಾಟುವಾಗ ಸೀನು, ನಗು ಒಟ್ಟಿಗೆ ಕೇಳಿಸಿತು. ಕಾಶವ್ವನ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದರು. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮೂಗಿಗೆ ಸೆರಗು ಅಡ್ಡ ಹಿಡಿದು, ಮಡಿಲ ತುಂಬ ಕೆಂಪು ಕಾಯಿ ಹಾಕಿಕೊಂಡು ನಮ್ಮ ಅತ್ತೆ. ಯಾವುದೋ ಕಥೆ ಅರ್ಧಕ್ಕೆ ಬಂದಿತ್ತು. ನನ್ನನ್ನು ಕಂಡು ನಿಲ್ಲಿಸಿದರು.

"ಯಾಕ? ಬರಿಗಾಲಾಗ ಯಾಕ ಬಂದಿ?"

"ಮನ್ಯಾಗ ಇರಲಿಲ್ಲಲ್ರಿ. ಹೇಳಿ ಹೋಗಬೇಕಿಲ್ರಿ ಅತ್ತಿ?"

"ಯಾರಿಗೆ ಹೇಳ್ಲಿ? ಮನ್ಯಾಗ ಯಾರಿದ್ರು?"

ಹೆಂಗಸರೆಲ್ಲ ನಕ್ಕರು. ನಾನು ಗೋಡೆಗೆ ಆನಿಸಿದ್ದ ವಾಕರ್ ತೆಗೆದುಕೊಂಡೆ. "ಬರ್ರಿ, ಕರಕೊಂಡ ಹೋಗ್ತೇನಿ."

"ಅದನ್ನ ಅಲ್ಲೇ ಇಡು," ಅಂದರು. "ನೀ ಹೋಗಿ ಊಟಾ ಮಾಡು. ಈ ಬುಟ್ಟಿ ಮುಗಿಸಿ ನಾ ಬರ್ತೇನಿ."

ಮನೆಗೆ ಬಂದೆ. ನಮ್ಮವರು ಅಂದು ಅಂಗಡಿಗೇ ಬುತ್ತಿ ಒಯ್ದಿದ್ದರು. ಎರಡು ತಾಟು ಹಾಕಿದೆ, ಉಣ್ಣಲು ಮನಸ್ಸಾಗಲಿಲ್ಲ. ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕುಳಿತೆ. ಒಂದೂವರೆ ಆಯಿತು, ಎರಡಾಯಿತು. ಈ ಮನೆಗೆ ಬಂದಾಗಿನಿಂದ ಹಾಗೆ ಕುಳಿತು ಅತ್ತೆಯ ದಾರಿ ನೋಡಿದ್ದು ನನಗೆ ನೆನಪಿಲ್ಲ. ಎರಡು ಗಂಟೆ ದಾಟಿದ ಮೇಲೆ ಓಣಿಯಲ್ಲಿ ಟಕ್ ಟಕ್ ಕೇಳಿಸಿತು. ಇಳಿಜಾರಿನ ಬುಡದಲ್ಲಿ ನಿಂತಿತು. ಸುಧಾರಿಸಿಕೊಂಡು ಮತ್ತೆ ಮೇಲೆ ಬಂತು. ನಾನು ಏಳಹೋದೆ, ಎದ್ದವಳು ಹಾಗೇ ಕುಳಿತೆ. ಹಿಡಿಕೆ ಅರ್ಧ ಇಳಿದು ಜಾರಿ ಮೇಲೆ ಹೋಯಿತು. ನಾನು ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ಎರಡನೆಯ ಸಲ ಪೂರ್ತಿ ಇಳಿಯಿತು.